ಎರಡು ಕೊಡದ ಓಣಿ

ಗುರುಲಿಂಗಪ್ಪ ಕಲ್ಲಗುರ್ತಿ ಪಂಚಾಯತಿಯ ಛೇರ್ಮನ್ ಆದದ್ದು ಯಾರಿಗೂ ‘ಇಲ್ಲ’ ಅನ್ನಲು ಬಾರದಿದ್ದ ಕಾರಣಕ್ಕೆ. ಬೇರೆಯವರು ಛೇರ್ಮನ್ ಆಗಬೇಕಾದರೆ ಊಟ ಹಾಕಿಸುತ್ತಾರೆ, ಜೀಪು ಓಡಿಸುತ್ತಾರೆ, ಹತ್ತು ಮಂದಿಯ ಕಾಲು ಹಿಡಿಯುತ್ತಾರೆ. ಗುರುಲಿಂಗಪ್ಪ ತನ್ನ ಹಿಟ್ಟಿನ ಗಿರಣಿಯಲ್ಲಿ ಕೂತಲ್ಲೇ ಕೂತು, ಬಂದವರಿಗೆಲ್ಲ “ಆಯ್ತು ಬಿಡ್ರಿ” ಅಂದ. ಅಷ್ಟಕ್ಕೇ ಕುರ್ಚಿ ಬಂತು.

ಅದು ೧೯೬೮ರ ಬೇಸಿಗೆ. ಶಹಾಬಾದಕ್ಕೂ ವಾಡಿಗೂ ನಡುವೆ ಇರುವ ಕಲ್ಲಗುರ್ತಿಯಲ್ಲಿ ಆಗ ಎರಡು ರಾಜ್ಯಗಳಿದ್ದವು. ಒಂದು ಮಡಿವಾಳಯ್ಯನವರ ಫರ್ಸಿ ಅಡ್ಡಾ, ಇನ್ನೊಂದು ಬಾಬುಮಿಯಾ ಸಾಹೇಬರ ಫರ್ಸಿ ಅಡ್ಡಾ. ಖಣಿಯಿಂದ ಎದ್ದ ಕಲ್ಲು ಇಲ್ಲಿ ಚೌಕವಾಗಿ ಕಡಿಸಿಕೊಂಡು, ನುಣ್ಣಗೆ ಉಜ್ಜಿಸಿಕೊಂಡು, ನೆಲಕ್ಕೆ ಹಾಸುವ ಫರ್ಸಿಯಾಗಿ ಲಾರಿ ಹತ್ತಿ ಹೈದರಾಬಾದಿಗೆ ಹೋಗುತ್ತಿತ್ತು. ಎರಡು ಅಡ್ಡಾಗಳ ನಡುವೆ ಒಂದು ಓಣಿ. ಓಣಿಯ ಈ ತುದಿಗೆ ಗುರುಲಿಂಗಪ್ಪನ ಗಿರಣಿ, ಆ ತುದಿಗೆ ಊರಿಗೆಲ್ಲ ಇದ್ದ ಒಂದೇ ಒಂದು ಸಿಹಿನೀರಿನ ಬಾವಿ.

ಮಡಿವಾಳಯ್ಯನವರೂ ಬಾಬುಮಿಯಾ ಅವರೂ ನಿಜಾಮರ ಕಾಲದ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಉರ್ದು ಕಲಿತವರು. ಒಬ್ಬರ ಮನೆಯ ಮದುವೆಯಲ್ಲಿ ಇನ್ನೊಬ್ಬರು ಪಂಕ್ತಿಯಲ್ಲಿ ನಿಂತು “ಇನ್ನೊಂದು ಹೋಳಿಗಿ ಹಾಕ್ರಿ” ಅಂತ ಗದರಿಸುತ್ತಿದ್ದರು. ಆದರೆ ಕಲ್ಲಿನ ವ್ಯವಹಾರಕ್ಕೆ ಬಂದರೆ ಇಬ್ಬರೂ ಕಲ್ಲಿಗಿಂತ ಗಟ್ಟಿ. ಪಂಚಾಯತಿಯ ಹನ್ನೊಂದು ಮೆಂಬರರಲ್ಲಿ ಐವರು ಇವರ ಕಡೆ, ಐವರು ಅವರ ಕಡೆ. ಹನ್ನೊಂದನೆಯವನು ಗುರುಲಿಂಗಪ್ಪ. ಅವನು ಬೆಳಿಗ್ಗೆ ವೋಟು ಕೇಳಿದ ಮಡಿವಾಳಯ್ಯನವರಿಗೆ “ಆಯ್ತು ಬಿಡ್ರಿ” ಅಂದ. ಮಧ್ಯಾಹ್ನ ಬಾಬುಮಿಯಾ ಅವರಿಗೂ “ಆಯ್ತು ಬಿಡ್ರಿ” ಅಂದ. ಮೂರು ದಿನ ಹಗ್ಗ ಜಗ್ಗಾಡಿ ಇಬ್ಬರೂ ದಣಿದಾಗ, ಇಬ್ಬರಿಗೂ ಒಂದೇ ಹೊತ್ತಿಗೆ ಒಂದೇ ವಿಚಾರ ಹೊಳೆಯಿತು: ಇವನನ್ನೇ ಕುರ್ಚಿಯ ಮೇಲೆ ಕೂಡಿಸಿದರೆ ಇಬ್ಬರಿಗೂ ಭಯವಿಲ್ಲ.

ಅವನ ಹೆಂಡತಿ ಸೂಗಮ್ಮ ಮದುವೆಯ ಕರಿ ಕೋಟನ್ನು ಟ್ರಂಕಿನಿಂದ ತೆಗೆದಳು. ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ಹಾಕಿ ಅದರ ಮೇಲೆ ಆಡಿಸಿ ಇಸ್ತ್ರಿ ಮಾಡಿದಳು.

“ನೋಡ್ರಿ, ಇನ್ನ ಮ್ಯಾಲ ನೀವು ಬರೇ ಗಿರಣಿ ಗುರುಲಿಂಗಪ್ಪ ಅಲ್ಲ. ನಾಕ ಮಂದ್ಯಾಗ ಜರಾ ಎದಿ ಸೆಟೆಸಿ ನಿಂದ್ರಬೇಕು.”

“ಆಯ್ತು ಬಿಡು.”

“ಎಲ್ಲಾದಕ್ಕೂ ಆಯ್ತು ಬಿಡು, ಆಯ್ತು ಬಿಡು ಅನ್ನಬ್ಯಾಡ್ರಿ!”

“ಆಯ್ತು ಬಿಡು,” ಅಂದ ಗುರುಲಿಂಗಪ್ಪ.

ಅವನ ಗಿರಣಿಯ ಆಡಳಿತವೂ ಹೀಗೇ ಇತ್ತು. ಜೋಳದ ಡಬ್ಬಿಗಳು ಮುಂದಿನ ಕಟ್ಟೆಯ ಮೇಲೆ ಪಾಳಿಯಲ್ಲಿ ಕೂತಿರುತ್ತಿದ್ದವು. ಪಾಳಿ ಹಿಡಿದ ಡಬ್ಬಿಗೆ ಅವನು ಕಾವಿ ಬಣ್ಣದಲ್ಲಿ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಗೆರೆ ಬಿತ್ತೆಂದರೆ ‘ಇದರ ಜಾಗ ಇಲ್ಲಿಗೆ, ಯಾರೂ ಮುಂದೆ ಸರಿಸಬಾರದು’ ಎಂದು ಅರ್ಥ. ಆ ಗೆರೆಗೆ ಊರಲ್ಲಿ ಯಾರೂ ಕಿಮ್ಮತ್ತು ಕೊಡುತ್ತಿರಲಿಲ್ಲ, ಎಳೆದವನೂ ಕೊಡುತ್ತಿರಲಿಲ್ಲ. ಒಬ್ಬಳು ಬಂದು “ಅಣ್ಣಾ, ಕೂಸು ಅಳಾಕತ್ತದ” ಅಂದರೆ ಅವಳದು ಮೊದಲು. ಇನ್ನೊಬ್ಬಳು “ಅಣ್ಣಾ, ಮಾವ ಉಣ್ಣಾಕ ಕುಂತಾನ” ಅಂದರೆ ಅವಳದು ಅದಕ್ಕಿಂತ ಮೊದಲು. ಸೂಗಮ್ಮನ ಡಬ್ಬಿಯಂತೂ ಪಾಳಿ ಅಂದರೇನೆಂದೇ ಕಂಡಿರಲಿಲ್ಲ. ಬೇರೆ ಯಾರಾದರೂ ಹೊತ್ತು ಮೂಡಿದಾಗ ಬಂದು ಹೊತ್ತು ಮುಳುಗುವಾಗ ಹಿಟ್ಟು ಒಯ್ದರೂ ಅವನನ್ನು ಬೈಯುತ್ತಿರಲಿಲ್ಲ. ಅವನು ಪ್ರತಿ ಡಬ್ಬಿಗೂ ಒಂದು ಹಿಡಿ ಹಿಟ್ಟು ಹೆಚ್ಚಾಗಿಯೇ ಬೀಳುವಂತೆ ಜಾಡಿಸಿ ಕೊಡುತ್ತಿದ್ದ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹೊಸ ದೊರೆ ಪಟ್ಟಕ್ಕೆ ಬಂದಾಗ ನೆರೆರಾಜ್ಯದವರು ಮೊದಲಿಗೇ ದಂಡು ಕಳಿಸುವುದಿಲ್ಲ. ಗಡಿಯಲ್ಲಿ ನಾಲ್ಕು ಕುರಿ ಮೇಯಲು ಬಿಟ್ಟು ನೋಡುತ್ತಾರೆ. ದೊರೆ ಕೆಮ್ಮಿದರೆ ಕುರಿ ವಾಪಸ್ಸು. ಸುಮ್ಮನಿದ್ದರೆ ಮರುದಿನ ಎಮ್ಮೆಗಳು ಬರುತ್ತವೆ. ಕಲ್ಲಗುರ್ತಿಯಲ್ಲಿ ಕುರಿಯ ಬದಲು ಫರ್ಸಿ ಬಿಟ್ಟರು.

ಗುರುಲಿಂಗಪ್ಪ ಛೇರ್ಮನ್ ಆದ ಎಂಟನೆಯ ದಿನ ಮಡಿವಾಳಯ್ಯನವರ ಅಡ್ಡಾದಿಂದ ನಾಲ್ಕು ಫರ್ಸಿ ಒಂದು ಗೇಣು ಓಣಿಯೊಳಗೆ ಇಣುಕಿದವು. ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಅಂಚಿನ ಮೇಲೆ ಸಾಲಾಗಿ ನಿಲ್ಲಿಸಿದ ಕಲ್ಲುಗಳು ಅವು. ನಾಲ್ಕು ಮಾತ್ರ ತಲೆ ಹೊರಗೆ ಹಾಕಿ ಛೇರ್ಮನ್ ಏನು ಮಾಡುತ್ತಾನೋ ಎಂದು ನೋಡುತ್ತಿರುವಂತಿದ್ದವು. ಛೇರ್ಮನ್ ಕೋಟು ಹಾಕಿಕೊಂಡು ಅಡ್ಡಾಕ್ಕೆ ಹೋದ.

“ಬರ್ರಿ ಛೇರ್ಮನ್ನರ, ಬರ್ರಿ! ಕುಂದ್ರಿ. ಏ, ಛೇರ್ಮನ್ನರಿಗಿ ಹಾಲಿನ ಛಾ ಮಾಡಿಸ್ರೋ!” ಅಂದರು ಮಡಿವಾಳಯ್ಯ.

“ಅಲ್ರಿ ಅಯ್ಯನವರ, ಆ ಓಣ್ಯಾಗಿನ ಕಲ್ಲು…”

“ಹ್ಯಾಂಗವ ಅವು? ಚಲೋ ಅವ ಇಲ್ಲೋ?”

“ಭಾಳ ಚಲೋ ಅವ ರೀ.”

“ಕೇಳಿದ್ರೇನ್ರೋ? ಛೇರ್ಮನ್ನರ ಸ್ವತಾ ಚಲೋ ಅವ ಅಂದ್ರು!”

ಛೇರ್ಮನ್ ಚಹಾ ಕುಡಿದು, ಕಲ್ಲನ್ನು ಹೊಗಳಿ, ಕೈ ಮುಗಿದು ವಾಪಸ್ಸು ಬಂದ. ಸಂಜೆಯ ಹೊತ್ತಿಗೆ ಬಾಬುಮಿಯಾ ಅವರ ಅಡ್ಡಾದಿಂದ ಎಂಟು ಫರ್ಸಿ ತಲೆ ಹೊರಗೆ ಹಾಕಿದ್ದವು. ಗುರುಲಿಂಗಪ್ಪ ಮತ್ತೆ ಕೋಟು ಹಾಕಿದ.

“ಅರೇ ಛೇರ್ಮನ್ ಸಾಬ್, ಅಯ್ಯಗ ಒಂದು ಗೇಣು ಕೊಟ್ರಿ, ನಾ ಏನ್ ಪಾಪ ಮಾಡೀನಿ?” ಎಂದರು ಬಾಬುಮಿಯಾ, ತಟ್ಟೆಯಲ್ಲಿ ಖಾರಾ ಬಿಸ್ಕೀಟು ಮುಂದಿಡುತ್ತ. “ನಿಮಗ ಎರಡೂ ಕಣ್ಣು ಬರೋಬ್ಬರಿ ಇಲ್ಲೇನು?”

“ಬರೋಬ್ಬರಿ ಅವ ರೀ.”

“ಹಾಂ! ಇದಕ್ಕ ಅಂತಾರ ಇನ್ಸಾಫು!”

ಮೂರು ವಾರದಲ್ಲಿ ಛೇರ್ಮನ್ ಒಂಬತ್ತು ಸಲ ಕೋಟು ಹಾಕಿದ, ಒಂಬತ್ತು ಚಹಾ ಕುಡಿದ. ಓಣಿ ಎರಡೂ ಕಡೆಯಿಂದ ಸೊರಗುತ್ತ ಬಂತು. ಕೊಡ ಹೊತ್ತು ಎದುರುಬದುರು ಬಂದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಬಾವಿಯ ತನಕ ಹಿಂದಕ್ಕೆ ನಡೆಯಬೇಕಾಯಿತು. ಇನ್ನೊಂದು ಗೇಣು ಹೋದರೆ ಓಣಿ ಮುಚ್ಚಿದಂತೆಯೇ. ಆಮೇಲೆ ಕೆಳಗಿನ ಕೇರಿಯ ಹೆಣ್ಣುಮಕ್ಕಳು ಹಳೆಯ ಖಣಿಯ ತಗ್ಗು ಸುತ್ತಿ, ಅರ್ಧ ಮೈಲು ಬಿಸಿಲಲ್ಲಿ ನೀರು ಹೊರಬೇಕು.

ಲಾಲಮ್ಮ ಎಂಬವಳು ಗಿರಣಿಯ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಹೇಳಿದಳು. “ಛೇರ್ಮನ್ ಸಾಬರ, ಓಣಿ ಇನ್ನ ಜರಾಕಷ್ಟು ಉಳದದ ನೋಡ್ರಿ. ಅದನ್ನೂ ಯಾರಿಗರ ಕೊಟ್ಟು ಛಾ ಕುಡದು ಬಂದುಬಿಡ್ರಿ. ನಾವು ಕೊಡ ಹೊತ್ತು ಮಾಳಿಗಿ ಮ್ಯಾಲಿಂದ ಜಿಗಕೋತ ಹೋಗ್ತೀವಿ.”

ಗುರುಲಿಂಗಪ್ಪ ಅದನ್ನು ನಗುತ್ತ ನುಂಗಿದ. ಇಮಾಮ್ಬೀಯ ಮಾತನ್ನು ನುಂಗಲಾಗಲಿಲ್ಲ. ಇಮಾಮ್ಬೀ ಒಂಟಿ ಮುದುಕಿ. ಅವಳ ಹಿತ್ತಾಳೆ ಕೊಡ ಓಣಿಯಲ್ಲಿ ಫರ್ಸಿಗೆ ತಾಗಿ ಸೊಟ್ಟಗಾಗಿತ್ತು, ನೀರೆಲ್ಲ ಚೆಲ್ಲಿತ್ತು, ಭುಜ ತರಚಿತ್ತು. ಅವಳು ಒಂದು ದೂರೂ ಹೇಳಲಿಲ್ಲ.

“ಬೇಟಾ, ನಂದು ಇವತ್ತ ಜರಾ ಲಗೂ ಬೀಸಿಕೊಡ್ತೀ ಏನು? ಮತ್ತೊಮ್ಮಿ ನೀರಿಗಿ ಖಣಿ ಸುತ್ತಿ ಹೋಗಬೇಕು. ನಿನಗ ಮೊದಲೇ ಪಂಚಾಯತಿ ಕೆಲಸ ಭಾಳ, ನಂದೊಂದು ತ್ರಾಸು.”

ಅಷ್ಟು ಹೇಳಿ ಅವಳು ಸೆರಗಿನಿಂದ ಅವನ ಕೋಟಿನ ತೋಳಿಗೆ ಅಂಟಿದ್ದ ಹಿಟ್ಟನ್ನು ಜಾಡಿಸಿದಳು. “ಛೇರ್ಮನ್ ಕೋಟಿಗಿ ಹಿಟ್ಟು ಇರಬಾರದು,” ಅಂದಳು.

ಆ ದಿನ ಸೂಗಮ್ಮ ರೊಟ್ಟಿ, ಪುಂಡಿಪಲ್ಯೆ ಬಡಿಸಿದಳು, ಮಾತು ಬಡಿಸಲಿಲ್ಲ. ಕೋಟನ್ನು ಮಡಚಿ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಅವನು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟ.

“ನಾ ಹೋದ್ರ ಛಾ ಕೊಡ್ತಾರ, ಬಾಯಿ ಕಟ್ಟತದ,” ಅಂದ ಕೊನೆಗೆ.

“ಬಾಯಿ ಬರೂದಿಲ್ಲಂದ್ರ ಕೈ ಬರೂದಿಲ್ಲೇನು?” ಅಂದಳು ಸೂಗಮ್ಮ. “ದಿನಾ ಡಬ್ಬಿಗಿ ಗೆರಿ ಎಳೀತೀರಿ. ಓಣಿಗೂ ಒಂದು ಎಳೀರಿ. ಅಗಸಿ ಎಣ್ಣ್ಯಾಗ ಕಾವಿ ಕಲಸಿ ಕೊಡ್ತೀನಿ, ಹತ್ತು ಮಳಿ ಬಂದ್ರೂ ಹೋಗೂದಿಲ್ಲ.”

ಶುಕ್ರವಾರ ಮಧ್ಯಾಹ್ನ ಬಾಬುಮಿಯಾ ಮಸೀದಿಯಲ್ಲಿದ್ದರು. ಮಡಿವಾಳಯ್ಯ ಉಂಡು ಒರಗಿದ್ದರು. ನಾಯಿಗಳು ಕೂಡ ನೆರಳಿನಿಂದ ಏಳದ ಆ ಬಿಸಿಲಲ್ಲಿ ಗುರುಲಿಂಗಪ್ಪ ಕಾವಿ ಡಬ್ಬಿ ಹಿಡಿದು ಓಣಿಗೆ ಇಳಿದ. ಇದನ್ನು ಹೇಡಿತನ ಎನ್ನುವವರು ಎನ್ನಲಿ. ಅನೇಕ ದೊಡ್ಡ ದಂಡಯಾತ್ರೆಗಳು ಎದುರಾಳಿ ಮಲಗಿದಾಗಲೇ ಆಗಿವೆ. ಹೆಣ್ಣುಮಕ್ಕಳ ಪಾದ ತುಳಿದು ತುಳಿದು ನುಣುಪಾದ ನೆಲ ಎಲ್ಲಿ ಮುಗಿಯುತ್ತದೆಂದು ಬಗ್ಗಿ ಹುಡುಕಿದ. ಅಲ್ಲಿಗೆ, ಓಣಿಯ ಎರಡೂ ಬದಿಗೆ, ಬಾವಿಯ ಕಂಬಗಳಿಂದ ಅಡ್ಡಾಗಳ ಕೊನೆಯವರೆಗೆ ದಾರ ಕಟ್ಟಿದ. ದಾರ ದಾಟಿ ಬಂದ ಒಂದೊಂದು ಫರ್ಸಿಯ ಅಂಚಿಗೂ ದಾರದ ನೇರಕ್ಕೆ ಒಂದೊಂದು ಕೆಂಪು ಗೆರೆ ಎಳೆದ. ಇವರ ಕಡೆ ಎಷ್ಟೋ, ಅವರ ಕಡೆಯೂ ಅಷ್ಟೇ. ಕೆಲಸ ಮುಗಿಸಿ, ಮನೆಗೆ ಹೋಗಿ, ತಣ್ಣೀರಲ್ಲಿ ಕಾಲಿಟ್ಟುಕೊಂಡು ಕೂತ.

ಗುರುಲಿಂಗಪ್ಪ ಸೇಡಂ ಕಡೆಯ ಒಕ್ಕಲು ಮನೆತನದವನು. ಹೆಂಡತಿಯ ಊರಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಗಿರಣಿಯ ಗದ್ದಲದಿಂದ ಹೊರಗೆ ಬಂದದ್ದು ಕಡಿಮೆ. ಜೋಳದ ಕಾಳು ಬೆರಳಲ್ಲಿ ತಿಕ್ಕಿ ಅದು ಯಾವ ಹೊಲದ್ದೆಂದು ಹೇಳಬಲ್ಲ; ಕಲ್ಲಿನ ಕಸುಬಿನ ಒಂದು ಕಟ್ಟಳೆ ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಆ ಕಟ್ಟಳೆ ಸಂಜೆ ನಾಲ್ಕಕ್ಕೆ ಹೈದರಾಬಾದಿನ ಲಾರಿ ಬಂದಾಗ ಊರಿಗೇ ಗೊತ್ತಾಯಿತು. ಲಾರಿಗೆ ಕಲ್ಲು ಹೇರುವ ಹಮಾಲರ ಮುಖ್ಯಸ್ಥ ಮೌಲಾಲಿ ಮೊದಲ ಫರ್ಸಿಗೆ ಕೈ ಹಾಕಿದವನು, ಅಂಚು ನೋಡಿ, ಹಾವು ಕಂಡವನ ಹಾಗೆ ಹಿಂದೆ ಸರಿದ.

“ಇದಕ್ಕ ಕೆಂಪು ಬಿದ್ದದ.”

ಎರಡನೆಯದನ್ನು ನೋಡಿದ. “ಇದಕ್ಕೂ ಬಿದ್ದದ.” ಸಾಲಿನ ಉದ್ದಕ್ಕೂ ನಡೆದು ನೋಡಿದ. ಹೆಗಲ ಮೇಲಿನ ಹಗ್ಗ ತೆಗೆದು ನೆಲಕ್ಕಿಟ್ಟ. “ನಮ್ಮ ಮಂದಿ ಮುಟ್ಟೂದಿಲ್ಲ.”

ಕಲ್ಲಿನವರಲ್ಲಿ ಅಂಚಿನ ಮೇಲೆ ಕೆಂಪು ಗೆರೆ ಅಂದರೆ ಕಲ್ಲಿನ ಹೊಟ್ಟೆಯೊಳಗೆ ಬಿರುಕಿದೆ, ಹೇರುವಾಗ ಮುರಿದು ಬೀಳುತ್ತದೆ ಎಂದು ಅರ್ಥ. ಹಿಂದೊಮ್ಮೆ ಗುರುತಿಲ್ಲದ ಅಂಥ ಕಲ್ಲು ಮುರಿದು ಮೌಲಾಲಿಯ ತಂದೆ ಒಂದು ಪಾದ ಕಳೆದುಕೊಂಡಿದ್ದ. ಅಂದಿನಿಂದ ಹಮಾಲರು ಕೆಂಪು ಗೆರೆಯ ಜೊತೆ ವಾದ ಮಾಡುತ್ತಿರಲಿಲ್ಲ. ಗೆರೆ ಎಳೆದವನೇ ಬಂದು ಎಲ್ಲರೆದುರು “ಕಲ್ಲು ಗಟ್ಟಿ ಅದ” ಅನ್ನಬೇಕು, ಆಮೇಲೆಯೇ ಕೈ.

ಮಡಿವಾಳಯ್ಯ ನಿದ್ದೆಯಿಂದ ಎದ್ದು ಇದು ಬಾಬುಮಿಯಾನ ಕೆಲಸ ಅಂದರು. ಬಾಬುಮಿಯಾ ಮಸೀದಿಯಿಂದ ಬಂದು ಇದು ಅಯ್ಯನ ಕೆಲಸ ಅಂದರು. ಇಬ್ಬರೂ ಓಣಿಯಲ್ಲಿ ಮುಖಕ್ಕೆ ಮುಖ ಹಚ್ಚಿ ನಿಂತಾಗ, ಎರಡೂ ಕಡೆ ಒಂದೇ ತರಹದ ಗೆರೆ ಇರುವುದು ಕಂಡಿತು. ಗೆರೆಯ ಬುಡದಲ್ಲಿ ಹಿಟ್ಟು ಹತ್ತಿದ ಬೆರಳಿನ ಗುರುತೂ ಕಂಡಿತು.

“ಗಿರಣಿ ಗುರುಲಿಂಗಪ್ಪ?” ಅಂದರು ಮಡಿವಾಳಯ್ಯ.

“ಅಂವ ನಮ್ಮ ಮಾಲಿಗಿ ಬಿರುಕು ಅಂದಾನ?” ಅಂದರು ಬಾಬುಮಿಯಾ.

“ಇಬ್ಬರ ಮಾಲಿಗೂ?”

“ಒಮ್ಮಿಗೇ?”

ಇಬ್ಬರೂ ಮತ್ತೊಮ್ಮೆ ಬಗ್ಗಿ ಗೆರೆ ನೋಡಿದರು. ಆ ನೋಟದಲ್ಲಿ ಸ್ವಲ್ಪ ಗೌರವವೂ ಇತ್ತು ಎಂದು ನೋಡಿದವರು ಹೇಳುತ್ತಾರೆ.

ಸುದ್ದಿಗೆ ಕಾಲು ಬಂತು. ಶಹಾಬಾದದ ಚಹಾದಂಗಡಿಗೆ ಮುಟ್ಟುವಾಗ, ಕಲ್ಲಗುರ್ತಿ ಛೇರ್ಮನ್ ಒಂದೊಂದು ಫರ್ಸಿಗೂ ಕಿವಿ ಹಚ್ಚಿ ಬಿರುಕು ಕೇಳಿಸಿಕೊಂಡನೆಂದು ಆಗಿತ್ತು. ವಾಡಿ ಸ್ಟೇಶನ್ನಿನಲ್ಲಿ, ಸರಕಾರ ಅವನಿಗೆ ಬೆಂಗಳೂರಿನಿಂದ ಒಂದು ಯಂತ್ರ ಕೊಟ್ಟಿದೆ ಎಂದಾಯಿತು. ಪ್ಯಾಸೆಂಜರ್ ಗಾಡಿ ನಾಲವಾರ ಮುಟ್ಟುವಷ್ಟರಲ್ಲಿ, ಕೆಟ್ಟ ಕಲ್ಲು ಮಾರಿದವರನ್ನು ಹಿಡಿದು ಕೂಡಿಸುವ ಅಧಿಕಾರವೂ ಅವನ ಕೋಟಿನ ಕಿಸೆಯೊಳಗೆ ಬಂದು ಬಿದ್ದಿತ್ತು.

ಅಧಿಕಾರವಂತ ಮನುಷ್ಯ ಆಗ ಮನೆಯಲ್ಲಿ ಕಾಲು ಒರೆಸಿಕೊಳ್ಳುತ್ತಿದ್ದ. ಪಂಚಾಯತಿ ಸೆಕ್ರೆಟರಿ ಅಬ್ದುಲ್ ಕರೀಮ್ ಓಡಿ ಬಂದ. ಅವನು ಕಾಯಿದೆ ಪುಸ್ತಕವನ್ನು ಛತ್ರಿಯ ಹಾಗೆ ಯಾವಾಗಲೂ ಕಂಕುಳಲ್ಲಿ ಹಿಡಿದಿರುವವನು.

“ಸಾಬ್, ಏನ್ ಮಾಡಿಬಿಟ್ರಿ! ಎರಡು ಅಡ್ಡಾದ ಮಾಲು ರದ್ದು ಮಾಡೀರಿ!”

“ನಾ ಪಾಳಿ ಗೆರಿ ಎಳದೀನೋ ಕರೀಮಾ!”

ಕಲ್ಲಿನವರ ಕೆಂಪು ಗೆರೆಯ ಅರ್ಥವನ್ನು ಕರೀಮ್ ಹೇಳಿದ ಕೂಡಲೇ ಗುರುಲಿಂಗಪ್ಪ ಎದ್ದ. ಸೀಮೆ ಎಣ್ಣೆ, ಹುಣಸೆಹಣ್ಣು, ಬೂದಿ ಮೂರನ್ನೂ ಎತ್ತಿಕೊಂಡು ಓಣಿಗೆ ಧಾವಿಸಿದ. ತಿಕ್ಕಿದ. ಫರ್ಸಿ ಅಗಸಿ ಎಣ್ಣೆಯನ್ನು ಎದೆಯ ತನಕ ಕುಡಿದಿತ್ತು. ತಿಕ್ಕಿದಷ್ಟೂ ಗೆರೆ ಹೊಳೆಯಿತು. ದೂರದಲ್ಲಿ ನಿಂತು ನೋಡಿದ ಜನ, “ನೋಡ್ರಿ ಧೈರ್ಯ! ಗೆರಿಗಿ ಪಾಲೀಸ್ ಹೊಡ್ಯಾಕತ್ತಾನ!” ಅಂದರು.

ಮನೆಗೆ ಬಂದರೆ ಅಂಗಳದ ತುಂಬ ಹೆಣ್ಣುಮಕ್ಕಳು. ಸೂಗಮ್ಮ ಹೊಸಲಿನ ಮೇಲೆ ರಾಣಿಯ ಹಾಗೆ ಕೂತಿದ್ದಳು. ಕೀಲಿ ಹಾಕಿದ ಕೋಟು ಹೊರಗೆ ಬಂದು ಗೂಟಕ್ಕೆ ತೂಗುತ್ತಿತ್ತು. ಲಾಲಮ್ಮ ಅವನ ಮುಖ ನೋಡಿದಳು, ಏನೂ ಚುಚ್ಚಲಿಲ್ಲ. ಒಂದು ಚರಿಗೆ ತಣ್ಣನೆಯ ಮಜ್ಜಿಗೆ ತಂದು ಕೈಗಿಟ್ಟಳು. ಆ ಮಜ್ಜಿಗೆ ಕುಡಿದ ಮೇಲೆ ‘ಇದೆಲ್ಲ ತಪ್ಪಾಗಿ ಆಯಿತು’ ಎಂದು ಹೇಳುವುದು ಹೇಗೆ?

ಮರುದಿನ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಮಡಿವಾಳಯ್ಯನವರೂ ಬಾಬುಮಿಯಾ ಅವರೂ ಒಂದೇ ಟಾಂಗಾದಲ್ಲಿ ಕೂತು, ಚಿತ್ತಾಪುರಕ್ಕೆ ಹೋಗಿ ಬಿ.ಡಿ.ಓ. ಸಾಹೇಬರಿಗೆ ಅರ್ಜಿ ಕೊಟ್ಟರು. ಛೇರ್ಮನ್ ಊರಿನ ಒಗ್ಗಟ್ಟಿಗಾಗಿ ಮಾಡಿದ ಮೊದಲ ಕೆಲಸ ಅದು ಎನ್ನಬೇಕು.

ಸೋಮವಾರ ಜೀಪು ಬಂತು. ಬಿ.ಡಿ.ಓ. ಸಾಹೇಬರು ಮೈಸೂರು ಕಡೆಯವರು, ಬಿಸಿಲಿಗೆ ಕೆಂಪಗಾಗಿದ್ದರು. ಓಣಿಯ ಬಾಯಿಯಲ್ಲಿ ಕುರ್ಚಿ ಹಾಕಿದರು. ಮಡಿವಾಳಯ್ಯನವರಿಗೂ ಒಂದು ಕುರ್ಚಿ ಬಂತು. ಅವರು ಕೂಡುವ ಮೊದಲು ಗೋಡೆಗೆ ಆನಿಸಿ ನಿಂತಿದ್ದ ಇಮಾಮ್ಬೀಯನ್ನು ಕಂಡರು. “ನಿಂದ್ರಬ್ಯಾಡ ಖಾಲಾ, ಕುಂದ್ರು,” ಎಂದು ಕುರ್ಚಿ ಅವಳತ್ತ ಸರಿಸಿದರು. ಓಣಿಯ ತಂಟೆ ಬೇರೆ, ಮುದುಕಿಯ ಮೊಣಕಾಲು ಬೇರೆ.

“ಏನ್ರೀ ಚೇರ್ಮನ್ನರೇ, ಕಲ್ಲಿನ ವಿಷಯ ನಿಮಗೆ ಗೊತ್ತಾ?” ಕೇಳಿದರು ಬಿ.ಡಿ.ಓ.

“ಗೊತ್ತಿಲ್ರಿ.”

“ಮತ್ತೆ ಯಾಕ್ರೀ ಗೆರೆ ಎಳೆದ್ರಿ? ಗೊತ್ತಿಲ್ದೆ ಎಳೆದೆ, ತಪ್ಪಾಯ್ತು ಅಂತ ಒಂದು ಮಾತು ಹೇಳ್ಬಿಡಿ. ಬರ್ಕೊಂಡು ಫೈಲು ಮುಚ್ತೀನಿ. ಯಥಾಸ್ಥಿತಿ. ಅವರ ಕಲ್ಲು ಅವರಿಗೆ, ನಿಮ್ಮ ಗಿರಣಿ ನಿಮಗೆ.”

“ಹೇಳಿಬಿಡ್ರಿ ಛೇರ್ಮನ್ನರ,” ಅಂದರು ಮಡಿವಾಳಯ್ಯ, ಮೃದುವಾಗಿ. “ಮನಶ್ಯಾ ಅಂದಮ್ಯಾಲ ತಪ್ಪು ಆಗತಾವ.”

“ಒಂದು ಮಾತಿನ ಕೆಲಸ ಸಾಬ್,” ಅಂದರು ಬಾಬುಮಿಯಾ. “ಆಮ್ಯಾಲ ನಮ್ಮಲ್ಲಿ ಛಾ ಕುಡ್ಯೂಣು.”

ಬಾಗಿಲು ಇಷ್ಟು ಅಗಲ ತೆರೆದಿತ್ತು. ‘ಆಯ್ತು ಬಿಡ್ರಿ’ ಎಂಬ ಮಾತು ಹಳೆಯ ಅಭ್ಯಾಸದ ಬಲದಿಂದ ನಾಲಿಗೆಯ ತುದಿಗೆ ಬಂದೇ ಬಂತು. ಅಷ್ಟರಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದ ಇಮಾಮ್ಬೀ, ತೊಡೆಯ ಮೇಲೆ ಸೊಟ್ಟ ಕೊಡ ಇಟ್ಟುಕೊಂಡು, ದೂರದಿಂದಲೇ ತನ್ನ ತೋಳು ಜಾಡಿಸಿ ತೋರಿಸಿದಳು: ಕೋಟಿಗೆ ಹಿಟ್ಟು ಹತ್ತಿದೆ.

ಗುರುಲಿಂಗಪ್ಪ ತೋಳಿನ ಹಿಟ್ಟು ಜಾಡಿಸಿಕೊಂಡ. ಮೌಲಾಲಿಯ ಕಡೆ ತಿರುಗಿದ.

“ಮೌಲಾಲಿ, ಕಲ್ಲು ಗಟ್ಟಿ ಅವ. ಒಂದರಾಗೂ ಬಿರುಕಿಲ್ಲ. ನಿಮ್ಮ ಗುರುತು ನಿಮ್ಮ ಜೀವ ಕಾಯೂ ಗುರುತು. ಅದನ್ನ ನಾ ಅರೀದ ಬಳಸೀನಿ. ಅದು ನಂದು ತಪ್ಪು. ಮಾಫಿ ಮಾಡು.”

ಮೌಲಾಲಿ ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದ. ಎರಡೂ ರಾಜ್ಯಗಳ ಮುಖ ಹುಣ್ಣಿಮೆಯಾಯಿತು. ಬಿ.ಡಿ.ಓ. ಪೆನ್ನಿನ ಟೋಪಿ ತೆಗೆದರು. ಸೂಗಮ್ಮ ಸೆರಗು ಬಾಯಿಗೆ ಹಿಡಿದಳು.

“ಸಾಹೇಬರ, ಇನ್ನೂ ಮುಗದಿಲ್ರಿ,” ಅಂದ ಗುರುಲಿಂಗಪ್ಪ. “ಬಣ್ಣ ಅರೀದ ಹಚ್ಚೀನಿ. ಗೆರಿ ಅರತೇ ಎಳದೀನಿ. ಗೆರಿ ಆಚೀಗಿಂದು ಅಡ್ಡಾ, ಈಚೀಗಿಂದು ಓಣಿ. ಓಣ್ಯಾಗಿಂದು ಒಂದು ಬಟ್ಟು ಯಾರಿಗೂ ಕೊಡೂದಿಲ್ಲ.”



“ಯವ್ವಾ!” ಅಂದಳು ಲಾಲಮ್ಮ. “ಗಿರಣಿ ಗುರುಲಿಂಗಪ್ಪ ಇಲ್ಲ ಅಂದಾನ!”

“ಇನ್ನೊ‌ಮ್ಮಿ ಅನ್ರಿ, ಹಿಂದ ನಿಂತವರಿಗಿ ಕೇಳಿಲ್ಲ!” ಎಂದು ಗುಂಪಿನಿಂದ ಯಾರೋ ಕೂಗಿದರು.

“ಕೊಡೂದಿಲ್ಲ,” ಅಂದ ಗುರುಲಿಂಗಪ್ಪ. ಎರಡನೆಯ ಸಲ ಅದು ಮೊದಲಿಗಿಂತ ಸಲೀಸಾಗಿ ಬಂತು.

ಬಿ.ಡಿ.ಓ. ಪೆನ್ನು ಮುಚ್ಚಿದರು. “ಹಾಗಾದ್ರೆ ದಾಖಲೆ ಬೇಕಲ್ರೀ. ಓಣಿ ಎಷ್ಟು ಅಡಿ ಅಗಲ ಅಂತ ಎಲ್ಲಿದೆ?”

ಅಬ್ದುಲ್ ಕರೀಮ್ ಈ ಪ್ರಶ್ನೆಗಾಗಿಯೇ ಎರಡು ದಿನದಿಂದ ಪಂಚಾಯತಿ ಕಪಾಟಿನ ಧೂಳು ಕುಡಿದಿದ್ದ. ಕಂಕುಳಿನಿಂದ ಒಂದು ಹಳದಿ ಕಾಗದ ತೆಗೆದ. ನಿಜಾಮರ ಕಾಲದ್ದು, ಉರ್ದುವಿನಲ್ಲಿ. ಬಿ.ಡಿ.ಓ. ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

“ಯಾರಿಗ್ರೀ ಓದೋಕೆ ಬರುತ್ತೆ?”

ಊರಲ್ಲಿ ಆ ಹಳೆಯ ಕೈಬರಹವನ್ನು ತಡವರಿಸದೆ ಓದಬಲ್ಲವರು ಇಬ್ಬರೇ ಇದ್ದರು. ಅವರಿಬ್ಬರೂ ಅರ್ಜಿದಾರರು. ಬೇಕಿದ್ದರೆ ಏನು ಬೇಕಾದರೂ ಓದಬಹುದಿತ್ತು. ಬಾಬುಮಿಯಾ ಕನ್ನಡಕ ಹಾಕಿಕೊಂಡರು. ಕಾಗದ ದೂರ ಹಿಡಿದರು, ಹತ್ತಿರ ಹಿಡಿದರು. ಗಂಟಲು ಸರಿಮಾಡಿಕೊಂಡು, ಒಂದು ಅಕ್ಷರ ಬಿಡದೆ ಓದಿ, ಕನ್ನಡದಲ್ಲಿ ಹೇಳಿದರು.

“ಸಿಹಿನೀರಿನ ಬಾವಿಗಿ ಹೋಗೂ ದಾರಿ. ತುಂಬಿದ ಕೊಡ ತಲಿ ಮ್ಯಾಲೊಂದು, ಟೊಂಕದ ಮ್ಯಾಲೊಂದು ಹೊತ್ತ ಇಬ್ಬರು ಹೆಣ್ಮಕ್ಕಳು ಎದುರುಬದುರು ಬಂದ್ರ, ಒಬ್ಬರಿಗೊಬ್ಬರು ತಾಗದಂಗ ದಾಟಿ ಹೋಗೂವಷ್ಟು ಅಗಲ.”

“ಅಯ್ಯ, ನೀ ನೋಡು,” ಎಂದು ಕಾಗದವನ್ನು ಮಡಿವಾಳಯ್ಯನವರಿಗೆ ಕೊಟ್ಟರು. ಮಡಿವಾಳಯ್ಯ ಓದಿದರು. “ಖರೆ ಅದ. ಹಂಗೇ ಬರದದ,” ಅಂದರು. ಒಂದೇ ಚಾಪೆಯ ಮೇಲೆ ಕಲಿತ ವಿದ್ಯೆ ಆ ದಿನ ಇಬ್ಬರ ಮಾನವನ್ನೂ ಉಳಿಸಿತು.

“ಸರಿ, ಹಾಗಾದ್ರೆ ಅಳೆಯಿರಿ,” ಅಂದರು ಬಿ.ಡಿ.ಓ., ಸೋತ ದನಿಯಲ್ಲಿ. ಸರಕಾರದ ಟೇಪು ಜೀಪಿನಲ್ಲೇ ಉಳಿಯಿತು.

ಬಾವಿಯ ಕಡೆಯಿಂದ ಇಮಾಮ್ಬೀ, ಗಿರಣಿಯ ಕಡೆಯಿಂದ ಲಾಲಮ್ಮ ಹೊರಟರು. ನಾಲ್ಕೂ ಕೊಡ ಬಾಯಿತನಕ ತುಂಬಿದ್ದವು. ಮೊದಲು ಫರ್ಸಿ ಇದ್ದಂತೆಯೇ ನಡೆದರು. ನಡುವೆ ಎದುರಾದಾಗ ಇಬ್ಬರೂ ಪಕ್ಕಕ್ಕೆ ತಿರುಗಿದರು, ಟೊಂಕದ ಕೊಡಗಳು ಠಣ್ಣೆಂದವು, ಲಾಲಮ್ಮನ ತಲೆಯ ಮೇಲಿನ ನೀರು ಅರ್ಧ ಕೊಡ, ದಾಖಲೆಗಾಗಿ ಹತ್ತಿರ ಬಂದು ನೋಡುತ್ತಿದ್ದ ಬಿ.ಡಿ.ಓ. ಸಾಹೇಬರ ಬೂಟಿನೊಳಗೆ ಇಳಿಯಿತು.

“ಬರ್ಕೊಂಡ್ರೇನ್ರಿ ಸಾಹೇಬರ?” ಕೇಳಿದಳು ಲಾಲಮ್ಮ.

ಮೌಲಾಲಿಯ ಮಂದಿ ಕೈ ಹಚ್ಚಿದರು. ಒಂದೊಂದೇ ಫರ್ಸಿ ಗೆರೆಯ ಆಚೆಗೆ ಸರಿಯಿತು. ಓಣಿ ಉಸಿರು ಬಿಟ್ಟಂತೆ ಅಗಲವಾಯಿತು. ಕೊಡ ಮತ್ತೆ ತುಂಬಿದವು. ಮೌಲಾಲಿ ತನ್ನ ತಲೆವಸ್ತ್ರ ಬಿಚ್ಚಿ, ಸುತ್ತಿ, ಸಿಂಬಿ ಮಾಡಿ ಇಮಾಮ್ಬೀಯ ಸೊಟ್ಟ ಕೊಡದ ಕೆಳಗೆ ಇಟ್ಟುಕೊಟ್ಟ. ಇಬ್ಬರೂ ಹೊರಟರು. ನಡುವೆ ಎದುರಾದರು. ದಾಟಿದರು. ಒಂದು ಹನಿ ಬೀಳಲಿಲ್ಲ. ಕೆಳಗಿನ ಕೇರಿಯ ಹೆಣ್ಣುಮಕ್ಕಳು ಕೂಗಿದ ಕೂಗಿಗೆ ಜೀಪಿನ ಡ್ರೈವರ್ ಎಚ್ಚರಾದ.

“ಇನ್ನೂ ಓಣಿ ಮುಗದಿಲ್ಲ,” ಅಂದರು ಮಡಿವಾಳಯ್ಯ.

ಹೌದು. ಓಣಿಯ ಬಾಯಿಯಲ್ಲಿ ಗುರುಲಿಂಗಪ್ಪನ ಗಿರಣಿಯ ಕಟ್ಟೆ ಇತ್ತು, ಡಬ್ಬಿಗಳು ಕೂಡುವ ಕಟ್ಟೆ. ದಾರವನ್ನು ಅವನು ಅಡ್ಡಾಗಳು ಮುಗಿಯುವವರೆಗೆ ಮಾತ್ರ ಎಳೆದಿದ್ದ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಯಾರಿಗೇ ಆದರೂ ತಮ್ಮ ಕಟ್ಟೆ ತಮ್ಮ ಕಣ್ಣಿಗೆ ಬೀಳುವುದಿಲ್ಲ. ಹೆಣ್ಣುಮಕ್ಕಳು ಅಲ್ಲಿಯೂ ಎದುರುಬದುರು ನಡೆದರು. ಲಾಲಮ್ಮನ ಟೊಂಕದ ಕೊಡ ಕಟ್ಟೆಯ ಮೂಲೆಗೆ ಮೆಲ್ಲಗೆ ತಾಗಿ, ಠಣ್ ಅಂದಿತು.

ಇಡೀ ಕಲ್ಲಗುರ್ತಿ ಛೇರ್ಮನ್ನನ ಮುಖ ನೋಡಿತು. ಬಾಬುಮಿಯಾ ಮೀಸೆಯೊಳಗೆ ನಕ್ಕರು. ಮೂರು ವಾರ ಫರ್ಸಿ ಬಿಟ್ಟು ನೋಡಿದ್ದೆಲ್ಲ ಸಣ್ಣ ಪರೀಕ್ಷೆ. ದೊಡ್ಡ ಪರೀಕ್ಷೆ ಇದು ಎಂದು ಅವರಿಗೆ ಗೊತ್ತಿತ್ತು.

ಗುರುಲಿಂಗಪ್ಪ ಹೆಂಡತಿಯ ಕಡೆ ತಿರುಗಿದ. ಆ ಕಟ್ಟೆ ಅವಳ ಅಪ್ಪ ಕಟ್ಟಿಸಿದ್ದು.

“ಕಾವಿ ಉಳದದೇನು?”

ಸೂಗಮ್ಮ ಅಪ್ಪನ ಕಟ್ಟೆಯನ್ನೊಮ್ಮೆ ನೋಡಿದಳು. ಒಳಗೆ ಹೋಗಿ ಡಬ್ಬಿ ತಂದು ಕೊಟ್ಟಳು. ಅವನು ಮೊಣಕಾಲೂರಿ, ಮದುವೆಯ ಕೋಟು ಮಣ್ಣಾಗುತ್ತಿದ್ದರೂ ಲೆಕ್ಕಿಸದೆ, ತನ್ನ ಕಟ್ಟೆಯ ಮೇಲೆ ಒಂದು ಗೇಣು ಒಳಗೆ ಕೆಂಪು ಗೆರೆ ಎಳೆದ. ಎದ್ದು ಮೌಲಾಲಿಗೆ ಹೇಳಿದ. “ಈ ಗೆರಿ ಅರತೇ ಎಳದೀನಿ. ಒಡೀರಿ.”

ಮೊದಲ ಹಾರೆ ಹಾಕಿದವರು ಮಡಿವಾಳಯ್ಯ. ಎರಡನೆಯದು ಬಾಬುಮಿಯಾ. “ಒಡ್ಯಾಕ ಬಂದವರು ಕಟ್ಟಾಕೂ ಬರ್ತೀವಿ, ಅಂಜಬ್ಯಾಡ್ರಿ,” ಅಂದರು. ವಾರದೊಳಗೆ ಎರಡೂ ಅಡ್ಡಾದಿಂದ ಗೆರೆ ಬಿದ್ದ ಒಂದೊಂದು ಫರ್ಸಿ ಬಂದು ಗಿರಣಿಯ ಮೆಟ್ಟಿಲಾದವು. ಇಮಾಮ್ಬೀಯ ಕೊಡವನ್ನು ಯಾರೋ ಶಹಾಬಾದಕ್ಕೆ ಒಯ್ದು ಬಡಿಸಿ ನೆಟ್ಟಗೆ ಮಾಡಿಸಿ, ಅವಳ ಬಾಗಿಲಲ್ಲಿ ಇಟ್ಟು ಹೋದರು. ಯಾರೆಂದು ಅವಳು ಕೇಳಲಿಲ್ಲ. ಎರಡೂ ಅಡ್ಡಾದವರ ಹೆಸರು ಹೇಳಿ ದುವಾ ಮಾಡಿದಳು. ಬಿ.ಡಿ.ಓ. ಸಾಹೇಬರು ಫೈಲಿನಲ್ಲಿ ಓಣಿಯ ಅಗಲ ‘ಎರಡು ಕೊಡ’ ಎಂದೇ ಬರೆದರು.

ಕಟ್ಟೆ ಒಡೆದ ಮರುದಿನ, ಮಂಗಳವಾರ ಬೆಳಿಗ್ಗೆ, ಗಿರಣಿ ಶುರುವಾಯಿತು. ಕಟ್ಟೆ ಸಣ್ಣದಾದ ಕಾರಣ ಡಬ್ಬಿಗಳ ಪಾಳಿ ಬಾವಿಯ ದಿಕ್ಕಿಗೆ ಉದ್ದ ಚಾಚಿತ್ತು. ಸೂಗಮ್ಮ ಎಂದಿನಂತೆ ಡಬ್ಬಿ ತಂದು, ಎಲ್ಲರನ್ನೂ ದಾಟಿ, ಯಂತ್ರದ ಬಾಯಿಗೇ ಇಟ್ಟಳು.

“ಏನ್ರಿ, ಇದೊಂದು ಲಗೂನ ಹಾಕ್ರಿ. ಒಲಿ ಹಚ್ಚಿ ಬಂದೀನಿ.”

ಗುರುಲಿಂಗಪ್ಪ ಡಬ್ಬಿ ನೋಡಿದ. ಅದರ ಮೇಲೆ ಗೆರೆ ಇರಲಿಲ್ಲ. ಹೆಂಡತಿಯ ಮುಖ ನೋಡಿದ. ಪಾಳಿಯಲ್ಲಿದ್ದ ಇಪ್ಪತ್ತೊಂದು ಮಂದಿ ಕತ್ತು ಚಾಚಿ ನೋಡಿದರು. 

“ಇಲ್ಲ,” ಅಂದ. “ಪಾಳಿ ಬರ್ಲಿ.”

ಸೂಗಮ್ಮ ಡಬ್ಬಿಯನ್ನು ಟೊಂಕಕ್ಕೆ ಎತ್ತಿಕೊಂಡಳು. ಒಲೆ ಉರಿಯುತ್ತಿರುವುದನ್ನು ಮರೆತಳು. ಇಪ್ಪತ್ತೊಂದು ಜನರನ್ನು ಒಬ್ಬೊಬ್ಬರನ್ನೇ ದಾಟುತ್ತ, ಒಬ್ಬೊಬ್ಬರ ಮುಖವನ್ನೂ ನೋಡುತ್ತ, “ಕೇಳಿದ್ರೇನು? ನಮ್ಮವ್ರು ನಂಗೂ ಇಲ್ಲ ಅಂದ್ರು!” ಎಂದು ಹೇಳುತ್ತ ಹೋಗಿ, ಪಾಳಿಯ ತೀರ ಕೊನೆಗೆ ಎದೆ ಸೆಟೆಸಿ ನಿಂತಳು.